ಒಸರು

ಗಲ್ಲ ಇಲ್ಲಿಡಿ, ಹಣೆ ಪಟ್ಟಿಗೆ ತಾಗಲಿ.
ಪಚ್ಚೆ ಚುಕ್ಕಿ ಕಾಣ್ತದಾ? ಅದನ್ನೇ ನೋಡಿ.
ಹನ್ನೊಂದು ವರ್ಷ ಇದೇ ನನ್ನ ಮಾತು,
ಕನ್ನಡ, ಮಲಯಾಳ, ತುಳು, ಬ್ಯಾರಿಯಲ್ಲಿ,
ಒಮ್ಮೆ ಬಿಹಾರದ ಗಾರೆ ಕೆಲಸದವನಿಗೆ
ಬರೀ ಕೈಸನ್ನೆಯಲ್ಲಿ.

ಊರಿನ ಹೆಸರೇ ಬಾಯಾರು,
ಸಕ್ಕರೆ ಕಾಯಿಲೆಗೆ ಬೇರೆ ಲಕ್ಷಣ ಕೇಳಬೇಕಾ
ಎಂದು ಹಳೆಯ ಡಾಕ್ಟ್ರು ನಗುತ್ತಿದ್ದರು.

ಆಟಿ ಕಳೆದ ಮೇಲೆ ಕ್ಯಾಮೆರಾಕ್ಕೆ ಬುದ್ಧಿ ಬಂತು.
ಅದೇ ಮೇಜು, ಅದೇ ಕತ್ತಲೆ ಕೋಣೆ,
ಪಕ್ಕದಲ್ಲಿ ಕೈಯಗಲದ ಒಂದು ಡಬ್ಬಿ.
ಮೊದಲು ಚಿತ್ರ ಕಾಸರಗೋಡಿಗೆ ಹೋಗಿ
ಉತ್ತರ ಬರಲು ಮೂರು ವಾರ
(ಕಂಡಕ್ಟರ್ ಪದ್ಮಯ್ಯನ ಎಡಗಣ್ಣು
ಅಂಥದೊಂದು ಮೂರು ವಾರದಲ್ಲೇ ಹೋದದ್ದು),
ಈಗ ಎರಡರ ಮಗ್ಗಿ ಹೇಳಿ ಮುಗಿಸುವುದರೊಳಗೆ.

ಬೀಡಿಯ ಗುಲಾಬಿಗೆ ಖುಷಿ:
ಇದು ಬಯ್ಯುವುದಿಲ್ಲ ಸಿಸ್ಟರೇ,
ಡಾಕ್ಟ್ರಾದರೆ ನಾನು ತಿಂದ ಹಲಸಿನ ತೊಳೆಯನ್ನು
ಕಣ್ಣೊಳಗೇ ಎಣಿಸುತ್ತಿದ್ದರು.
ನಿವೃತ್ತ ಪೋಸ್ಟ್ ಮಾಸ್ತರು ಕೇಳಿದರು:
ತಪ್ಪಿದರೆ ಅರ್ಜಿ ಯಾರ ಹೆಸರಿಗೆ?
ಸಿಸಿಲಿಯಾ ಬಾಯಿಯ ಪೊರೆಗಣ್ಣಿಗೆ ಯಂತ್ರ
ಮಸುಕು, ಹೇಳಲಾಗದು ಎಂದಾಗ
ನನಗೂ ಹಾಗೇ ಮಗಾ, ಎಂದು ತಟ್ಟಿದರು ಅದರ ಬೆನ್ನು.
ಉಮ್ಮಾಲಿಮ್ಮ ಮಾತ್ರ ಹೊರಗೆ ಬೆಂಚಿನಲ್ಲಿ ಕೂತರು,
ಮನುಷ್ಯರು ಬಂದ ಮೇಲೆ ಕರಿ.

ಮದ್ದು ಕೊಡುವ ಸಜಿತಾಗೆ ಹೆದರಿಕೆ,
ನಾಳೆ ಮಾತ್ರೆ ಎಣಿಸಲೂ ಒಂದು ಬರ್ತದೆ ನೋಡು.

ನನ್ನ ಸಿಟ್ಟು ಬೇರೆ.
ಚಿತ್ರ ತೆಗೆಯುವುದಷ್ಟೇ, ಅರ್ಥ ಹೇಳಬಾರದು
ಎಂದು ಸೇರಿದ ದಿನವೇ ಸಹಿ ಹಾಕಿಸಿದ್ದರು.
ಎಷ್ಟು ಸಾವಿರ ಕಣ್ಣು!
ಮುರಕಲ್ಲು ಬಣ್ಣದ ಆ ದುಂಡು ನೆಲದಲ್ಲಿ
ಕೆಂಪು ಚುಕ್ಕಿ, ಹಳದಿ ಕಲೆ ಕಂಡೂ
ಕಾಣದವಳ ಹಾಗೆ, ಆಯ್ತು, ಇನ್ನೊಂದು ಕಣ್ಣು, ಎಂದವಳು ನಾನು.
ನಿನ್ನೆ ಬಂದ ಡಬ್ಬಿಗೆ
ಬಾಯಿ ಕೊಟ್ಟರು.

ಇವತ್ತು ಐತು ನಾಯ್ಕರು.
ನಲವತ್ತೆರಡು ಸುರಂಗ ತೋಡಿದ ಮೈ,
ಗುಡ್ಡದ ಹೊಟ್ಟೆಗೆ ಅಡ್ಡ ನುಗ್ಗಿ
ಮೇಣದಬತ್ತಿ ಮಂಕಾದರೆ ಹೊರಗೆ ಬಾ,
ಅಷ್ಟೇ ಅವರ ಶಾಸ್ತ್ರ.

ರೆಫರ್ ಅಂತ ಬಂದಿದೆ, ಎಂದೆ.
ನೋಡಿದ್ದು ಯಾರು?
ಯಂತ್ರ.
ಅದು ಒಳಗೆ ಹೋಗಿತ್ತಾ?
ಇಲ್ಲ, ಲಕ್ಷಗಟ್ಟಲೆ ಕಣ್ಣಿನ ಚಿತ್ರ ನೋಡಿ ಕಲಿತದ್ದು.
ಹಾಗಾದರೆ ನಮ್ಮ ಭಾವನ ಹಾಗೆ. ಊರಿನ ಸುರಂಗದ ಬಾಯೆಲ್ಲ ನೋಡಿದವ,
ಒಂದು ಕೊಡಪಾನ ನೀರು ತೆಗೆಯಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು,
ನೀನೂ ನೋಡಿದ್ದೀಯಲ್ಲ.
ನಿನಗೆ ಎಂತ ಕಂಡಿತು?

ಪರದೆಯನ್ನು ಅವರ ಕಡೆ ತಿರುಗಿಸಿದೆ.
ಮಣ್ಣು ಕೂತ ಉಗುರು
ನರದ ಜಾಡು ಹಿಡಿದು ನಿಧಾನ ಹೋಯಿತು,
ನಿಂತಿತು.
ಇಲ್ಲಿ ಒಸರು ಉಂಟು.
ಇಲ್ಲಿ ಇನ್ನೊಂದು.
ಇದು ಈ ವರ್ಷದ್ದಲ್ಲ, ಹಳತು.

ಹೌದು, ಎಂದೆ.
ಹನ್ನೊಂದು ವರ್ಷದಲ್ಲಿ ಮೊದಲ ಹೌದು.
ಡಬ್ಬಿಯೂ ಅದನ್ನೇ ಹೇಳಿತ್ತು,
ಸುಳ್ಳು ಹೇಳಬಾರದು.

ಅವರು ನಕ್ಕರು.
ಜನ್ಮವಿಡೀ ಹುಡುಕಿದ್ದು ನೋಡು,
ಸಿಕ್ಕಿತು. ಬೇಡದ ಕಡೆ.

ಚೀಟಿ ಮಲಯಾಳದಲ್ಲಿ ಬಂತು.
ಹಿಂಬದಿಗೆ ಕನ್ನಡದಲ್ಲಿ ಬರೆದೆ:
ಬುಧವಾರ, ಏಳೂಮುಕ್ಕಾಲರ ಬಸ್ಸು.
ಹಸಿದು ಹೋಗಬೇಡಿ.
ಜೊತೆಗೆ ಯಾರಾದರೂ ಇರಲಿ, ಕಣ್ಣಿಗೆ ಮದ್ದು ಬಿಟ್ಟರೆ
ಸಂಜೆವರೆಗೆ ದಾರಿ ಮಂಜು.
ಕೆಳಗೆ, ಯಾರೂ ಕೇಳದಿದ್ದರೂ, ನನ್ನ ಹೆಸರು.

ಬಾಗಿಲು ತೆರೆದೆ.
ಉಮ್ಮಾಲಿಮ್ಮ ಇನ್ನೂ ಅಲ್ಲೇ,
ತಟ್ಟಂ ಸರಿಮಾಡಿಕೊಂಡು ಕೇಳಿದರು,
ಮನುಷ್ಯರು ಬಂದರಾ?